ಅಪ್‌ಡೇಟಿಗೆ ಕಾವಲು ಕುಳಿತ ಮಧ್ಯಾಹ್ನಗಳು

ಕಂಪ್ಯೂಟರ್ ಪರದೆಯ ಮೇಲೆ ಬಿಳಿ ಚುಕ್ಕೆಗಳು ಒಂದರ ಹಿಂದೊಂದು ಸುತ್ತತೊಡಗಿದರೆ ನನಗೆ ನಿದ್ದೆ ಬರುತ್ತದೆ. ನಿಮಗೂ ಬರುತ್ತಿರಬಹುದು. ಆದರೆ ನಿಮಗೆ ಬರುವುದು ಬೇಸರದಿಂದ, ನನಗೆ ಬರುವುದು ಅಭ್ಯಾಸದಿಂದ. ನಾನು ಚಿಕ್ಕವಳಿದ್ದಾಗ ನಮ್ಮ ಆಯಿ, ಎಂದರೆ ಅಜ್ಜಿ, ಪಡಸಾಲೆಯಲ್ಲಿ ರಾಟಿಯ ಮುಂದೆ ಕುಳಿತು ಕಂಡಿಕೆ ಸುತ್ತುತ್ತಿದ್ದಳು. ಕಂಡಿಕೆಯೆಂದರೆ ಲಾಳಿಯ ಹೊಟ್ಟೆಯೊಳಗೆ ಇಡುವ ನೂಲಿನ ಸಣ್ಣ ಸುರುಳಿ. ರಾಟಿಯ ಕಡ್ಡಿಗಳು ಮೊದಲು ಬೇರೆ ಬೇರೆಯಾಗಿ ಕಾಣುತ್ತವೆ, ಆಮೇಲೆ ಒಂದರೊಳಗೊಂದು ಕರಗುತ್ತವೆ, ಕೊನೆಗೆ ಗಾಳಿಯಲ್ಲಿ ಒಂದು ಮಸುಕು ಬಿಲ್ಲೆ ಮಾತ್ರ ಉಳಿಯುತ್ತದೆ. ಅದನ್ನು ನೋಡುತ್ತ ನೋಡುತ್ತ ಆಯಿಯ ತೊಡೆಯ ಮೇಲೆ ನಾನು ಎಷ್ಟು ಮಧ್ಯಾಹ್ನಗಳನ್ನು ಕಳೆದಿದ್ದೇನೆಂದರೆ, ಇಂದಿಗೂ ದುಂಡಗೆ ತಿರುಗುವ ಯಾವುದನ್ನು ಕಂಡರೂ ನನ್ನ ರೆಪ್ಪೆ ತೂಗುತ್ತದೆ. ಬಸ್ಸಿನ ಚಕ್ರವಾದರೂ ಸರಿ, ಗಿರಣಿಯ ಪಟ್ಟಾ ಆದರೂ ಸರಿ.

ಇಂಥವಳನ್ನು ಅಣ್ಣ ಕಂಪ್ಯೂಟರಿನ ಮುಂದೆ ಕಾವಲಿಗೆ ಕೂರಿಸಿದ.

ನಮ್ಮದು ಬನಹಟ್ಟಿ. ನಾನು ಜಮಖಂಡಿಯ ಕಾಲೇಜೊಂದರಲ್ಲಿ ಗ್ರಂಥಪಾಲಕಿ. ದಿನಾ ಬೆಳಿಗ್ಗೆ ಬಸ್ಸು ಹತ್ತಿ ಹೋಗಿ ಸಂಜೆ ಬಸ್ಸು ಹತ್ತಿ ಬರುವವಳು. ‘ಸದ್ದು ಮಾಡಬೇಡಿ’ ಎಂದು ಗೋಡೆಗೆ ಬರೆಸಿರುವ ಕೋಣೆಯಲ್ಲಿ ಅತಿ ಹೆಚ್ಚು ಸದ್ದು ಮಾಡುವವಳು ನಾನೇ ಎಂದು ಹುಡುಗರು ನಗುತ್ತಾರೆ. ತಪ್ಪು ನನ್ನದಲ್ಲ. ಮಗ್ಗದ ಓಣಿಯಲ್ಲಿ ಹುಟ್ಟಿದವರು ಪಿಸುಮಾತು ಕಲಿಯುವುದಿಲ್ಲ. ಕಲಿತರೆ ಉಪ್ಪು ಕೊಡು ಎಂದದ್ದೂ ಯಾರಿಗೂ ಕೇಳುವುದಿಲ್ಲ. ಜಗಳ, ಪ್ರೀತಿ, ದೇವರ ಪೂಜೆ ಎಲ್ಲವನ್ನೂ ನಾವು ಖಟಕ್ ಖಟಕ್ ಎನ್ನುವ ಆ ಸದ್ದಿನ ಮೇಲೆಯೇ ಎತ್ತಿ ಹೇಳಬೇಕು.

ಹೊರಗಿನಿಂದ ಬಂದವರು, ಈ ಗದ್ದಲದಲ್ಲಿ ಹೇಗೆ ಮಲಗುತ್ತೀರಿ ಎಂದು ಕೇಳುತ್ತಾರೆ. ಸದ್ದಿಲ್ಲದೆ ಹೇಗೆ ಮಲಗುತ್ತೀರಿ ಎಂದು ನಾವು ಕೇಳುತ್ತೇವೆ. ನಾನು ಸಾಲೆಗೆ ಹೋಗುತ್ತಿದ್ದಾಗ ರಜೆಗೆಂದು ಸಾವಳಗಿಯ ಅತ್ತೆಯ ಮನೆಗೆ ಹೋಗಿದ್ದೆ. ತೋಟದ ಮನೆ. ಜೋಳದ ದಂಟಿನ ಸರಸರ ಬಿಟ್ಟರೆ ಇನ್ನೊಂದು ಸದ್ದಿಲ್ಲ. ಹಾಸಿಗೆಯಲ್ಲಿ ಹೊರಳಿ ಹೊರಳಿ ಕೊನೆಗೆ ಅಳತೊಡಗಿದೆ. ಅತ್ತೆ ಮೊದಲು ಹೊಟ್ಟೆನೋವೆಂದುಕೊಂಡಳು, ಆಮೇಲೆ ಅವ್ವನ ನೆನಪೆಂದುಕೊಂಡಳು. ಮಾವ ಮಾತ್ರ ಬನಹಟ್ಟಿಗೆ ನೂಲು ಕೊಳ್ಳಲು ಬಂದುಹೋಗಿ ಮಾಡಿದ ಮನುಷ್ಯ. “ಏ, ಆ ಕೂಸಿಗೆ ಮಗ್ಗ ಬೇಕಾಗೈತಿ” ಎಂದು ಎದ್ದು ಹೋಗಿ ಬಾವಿಯ ಪಂಪು ಚಾಲೂ ಮಾಡಿದ. ನಾನು ಮಲಗಿದೆನಂತೆ. ಬೆಳಗಾಗುವ ಹೊತ್ತಿಗೆ ಅವನ ಕಬ್ಬಿಗೆ ಬೇಕಾದ್ದಕ್ಕಿಂತ ಹೆಚ್ಚು ನೀರಾಗಿತ್ತು. ಮರುವರ್ಷ ನನ್ನನ್ನು ರಜೆಗೆ ಕರೆಯುವಾಗ ಅತ್ತೆ, “ಬಾವ್ಯಾಗ ನೀರ ನೋಡಿ ಕರೀತೇವಿ ತಂಗಿ” ಎಂದಳು.

ಹೇಳುತ್ತಿದ್ದುದು ಅಪ್‌ಡೇಟಿನ ವಿಷಯ. ತಪ್ಪಿಸಿಕೊಂಡು ಹೋಗುತ್ತಿದ್ದೇನೆಂದು ನನಗೂ ಗೊತ್ತು.

ನಮ್ಮ ಅಣ್ಣ ಈರಣ್ಣ ಸೀರೆಯ ದಡಿ ಬರೆಯುವವನು. ದಡಿಯೆಂದರೆ ಅಂಚು. ಮೊದಲು ಚೌಕಳಿ ಹಾಳೆಯ ಮೇಲೆ ಬರೆಯುತ್ತಿದ್ದ, ಈಗ ಕಂಪ್ಯೂಟರಿನಲ್ಲಿ. ನವಿಲು, ತೇರು, ಬಳ್ಳಿ, ರುದ್ರಾಕ್ಷಿ ಎಲ್ಲವನ್ನೂ ಚುಕ್ಕೆ ಚುಕ್ಕೆಯಾಗಿ ಕೂಡಿಸುತ್ತಾನೆ. ಅದನ್ನು ರಬಕವಿಯ ಒಂದು ಕಾರ್ಖಾನೆಗೆ ಒಯ್ದರೆ ಅವರು ರಟ್ಟಿನ ಪಟ್ಟಿಗಳಿಗೆ ತೂತು ಕೊರೆದು ಕೊಡುತ್ತಾರೆ. ಆ ತೂತುಗಳನ್ನು ನೋಡಿಕೊಂಡು ಮಗ್ಗ ತಾನೇ ನವಿಲು ನೇಯುತ್ತದೆ. ಅಣ್ಣನ ಬಲಗೈಯಲ್ಲಿ ಕಿರುಬೆರಳೂ ಉಂಗುರದ ಬೆರಳೂ ಇಲ್ಲ. ಉಳಿದ ಬೆರಳುಗಳಲ್ಲಿ ಮೌಸು ಹಿಡಿಯುತ್ತಾನೆ. ಅದು ಅವನ ಕೈಗೆಂದೇ ಮಾಡಿದ ಸಾಮಾನಿನಂತೆ ಕೂತುಕೊಳ್ಳುತ್ತದೆ.

ಆ ಬೇಸಿಗೆಯಲ್ಲಿ ರಬಕವಿಯ ಕಾರ್ಖಾನೆಯವರು ಹೊಸ ಯಂತ್ರ ತಂದರು. ಅಣ್ಣನ ಹಳೆಯ ಸಾಫ್ಟ್‌ವೇರಿನ ದಡಿಗಳು ಆ ಯಂತ್ರಕ್ಕೆ ಅರ್ಥವಾಗಲಿಲ್ಲ. ಹೊಸ ಸಾಫ್ಟ್‌ವೇರ್ ಹಾಕಿಕೊಳ್ಳಬೇಕು, ಅದು ಕೂರಬೇಕಾದರೆ ಕಂಪ್ಯೂಟರಿನ ಒಳಗಿನ ವ್ಯವಸ್ಥೆಯೇ ಹೊಸದಾಗಬೇಕು. ಸರಿ, ಅಪ್‌ಡೇಟ್ ಹಾಕಿದೆವು. ಹಳೆಯ ಕಂಪ್ಯೂಟರ್, ತಾಸುಗಟ್ಟಲೆ ಹಿಡಿಯುತ್ತಿತ್ತು. ಪರದೆ ನೀಲಿಯಾಗಿ ಚುಕ್ಕೆಗಳು ತಿರುಗಿದವು. ಶೇಕಡಾ ಇಷ್ಟು ಆಗಿದೆ, ಯಂತ್ರವನ್ನು ಬಂದ್ ಮಾಡಬೇಡಿ ಎಂದು ಬಂತು. ನಡುವೆ ಎಲ್ಲಿಯೋ ಏನೋ ಆಯಿತು. ಯಂತ್ರ ತಾನಾಗಿ ನಿಂತು ತಾನಾಗಿ ಶುರುವಾಗಿ, ಅಪ್‌ಡೇಟ್ ಪೂರ್ತಿಯಾಗಲಿಲ್ಲ, ಮಾಡಿದ್ದನ್ನೆಲ್ಲ ವಾಪಸು ತೆಗೆಯುತ್ತಿದ್ದೇನೆ ಎಂದಿತು. ಮರುದಿನ ಮತ್ತೆ ಹಾಗೆಯೇ. ಅದರ ಮರುದಿನವೂ.

“ಇದು ಹಣಗಿ ಕೆಚ್ಚಿದಂಗ ನೋಡು” ಎಂದ ಅಣ್ಣ. ಮಗ್ಗದಲ್ಲಿ ಒಂದು ಹಾಸು, ಎಂದರೆ ಉದ್ದೆಳೆಗಳ ಸುತ್ತು, ಮುಗಿಯುವಾಗ ಅದರ ತುದಿಯನ್ನು ಬಾಚಣಿಗೆಯಂಥ ಹಣಿಗೆಯಲ್ಲಿ ಹಾಗೆಯೇ ಉಳಿಸಿ, ಹೊಸ ಹಾಸಿನ ಒಂದೊಂದೇ ಎಳೆಯನ್ನು ಹಳೆಯ ಒಂದೊಂದೇ ಎಳೆಗೆ ಹೊಸೆದು ಕೂಡಿಸುತ್ತಾರೆ. ಸಾವಿರಾರು ಎಳೆ. ಬೂದಿ ಹಚ್ಚಿದ ಬೆರಳು, ಬಗ್ಗಿದ ಕುತ್ತಿಗೆ. “ಹಳೇ ತುದಿಗೆ ಹೊಸಾದು ಹಚ್ಚಾಕತ್ತೈತಿ ಅದು. ನಡುವ ಯಾರರ ಜಗ್ಗಿದ್ರ ಎಲ್ಲಾ ಬಿಚ್ಚಿ ಬರತೈತಿ. ಯಾರೋ ಜಗ್ಗಾಕತ್ತಾರ.”

“ಯಾರ ಜಗ್ಗತಾರ? ಮನ್ಯಾಗ ಇರಾವ್ರು ನಾವು ಮೂರ ಮಂದಿ” ಎಂದಳು ವೈನಿ.

ವೈನಿ, ಎಂದರೆ ಅಣ್ಣನ ಹೆಂಡತಿ ಸುವರ್ಣಾ, ಮುಧೋಳದವಳು. ಆ ಊರಿನ ಬೇಟೆನಾಯಿಗಳು ಮೂಗಿಗಿಂತ ಕಣ್ಣನ್ನೇ ನಂಬುತ್ತವೆಯಂತೆ. ನಮ್ಮ ವೈನಿಯೂ ಹಾಗೆಯೇ. ಕಂಡದ್ದನ್ನು ಬಿಡುವುದಿಲ್ಲ, ಕಾಣದ್ದನ್ನು ನಂಬುವುದಿಲ್ಲ. ಇದನ್ನು ನಾನು ಅವಳ ಮುಂದೆಯೇ ಹೇಳಿದ್ದೇನೆ. ಅವಳು, “ನಾಯಿ ಅಂದ್ರೂ ಛಲೋ ಜಾತಿ ನಾಯಿ ಅಂದಿ, ಅಷ್ಟ ಸಾಕು” ಎಂದು ರೊಟ್ಟಿ ಬಡಿಯುವುದನ್ನು ಮುಂದುವರಿಸಿದ್ದಳು.

ಜಮಖಂಡಿಯಿಂದ ಸದಾಶಿವನನ್ನು ಕರೆಸಿದೆವು. ನಮ್ಮ ಕಾಲೇಜಿನ ಕಂಪ್ಯೂಟರುಗಳನ್ನೂ ಅವನೇ ನೋಡುವುದು. ಬಂದವನೇ, ಒಳಗೆ ಜಾಗ ಸಾಲದೆಂದು ಏನೇನೋ ಅಳಿಸಿದ. ಅದರಲ್ಲಿ ವೈನಿಯ ತಮ್ಮನ ಮದುವೆಯ ವಿಡಿಯೋ ಕೂಡ ಹೋಯಿತು. “ಹೋಗ್ಲಿ ಬಿಡ್ರಿ, ಅದರಾಗ ನನ್ನ ಮಾರಿ ಎಲ್ಲೂ ಕಾಣತಿರಲಿಲ್ಲ” ಎಂದಳು ವೈನಿ. ಸದಾಶಿವ ವೈರಸ್ ಹಿಡಿಯುವ ಪ್ರೋಗ್ರಾಮು ತೆಗೆದ, ಹಿಂದೆ ಬಿದ್ದಿದ್ದ ಗಡಿಯಾರ ಸರಿಮಾಡಿದ, ಕೇಬಲ್ಲು ಬದಲಿಸಿದ. ಕೊನೆಗೆ ಕರೆಂಟಿನ ಮೇಲೆ ಸಂಶಯಪಟ್ಟ.

“ಕರೆಂಟ್ ಹೋದಾಗ ಬಂದ್ ಆಗತಿರಬೇಕ್ರಿ ಅಕ್ಕಾರ.”

“ಇನ್ವರ್ಟರ್ ಐತೆಪಾ” ಎಂದೆ ನಾನು. ಹೋಗಿ ಮೇನ್ ತೆಗೆದು ನೋಡಿದ. ಮನೆಯ ದೀಪವೂ ಕಂಪ್ಯೂಟರೂ ಅಲುಗದೆ ಉರಿಯುತ್ತಿದ್ದವು. ಸದಾಶಿವ ತಲೆ ಕೆರೆದುಕೊಂಡ. “ಒಂದ್ ದಿನಾ ಮೂವತ್ತಕ್ಕ ನಿಂದರತೈತಿ, ಒಂದ್ ದಿನಾ ಎಂಬತ್ತಕ್ಕ ನಿಂದರತೈತಿ. ರೋಗ ಒಂದ ಕಡೆ ಇದ್ದಿದ್ರ ಹಿಡೀಬಹುದಿತ್ರಿ. ಇದು ಸುಮ್ನ ತಿರಗ್ಯಾಡೋ ರೋಗ. ಡಬ್ಬಿ ನನ್ನ ಅಂಗಡಿಗೆ ಕೊಟ್ಟ ಕಳಸ್ರಿ.”

ಅದಕ್ಕೆ ಅಣ್ಣ ಒಪ್ಪಲಿಲ್ಲ. ನಡೆಯುವ ಮಗ್ಗ ಹೊಸ್ತಿಲು ದಾಟಬಾರದು ಎನ್ನುವುದು ನಮ್ಮಲ್ಲಿಯ ನಂಬಿಕೆ. ದಾಟಿದರೆ ಆ ಮನೆಯ ಕಸುಬು ಅದರ ಹಿಂದೆಯೇ ಹೋಗುತ್ತದಂತೆ. ಕಂಪ್ಯೂಟರು ಮಗ್ಗ ಹೇಗಾದೀತು ಎಂದು ನೀವು ಕೇಳಬಹುದು. ನಮ್ಮ ಮನೆಯಲ್ಲಿ ದಸರೆಗೆ ಅದಕ್ಕೆ ವಿಭೂತಿ ಹಚ್ಚಿ, ಮೌಸಿನ ಕೊರಳಿಗೆ ಚೆಂಡುಹೂ ಕಟ್ಟುತ್ತಾರೆ. ಇನ್ನೇನು ಹೇಳಲಿ.

“ಶನಿವಾರದ ಮಟಾ ನೋಡತೇನಿ” ಎಂದ ಅಣ್ಣ, ಊಟದ ಮುಂದೆ, ತಟ್ಟೆ ನೋಡುತ್ತ. “ಆಗಲಿಲ್ಲಂದ್ರ ಎದರ ಮನೀ ಗುರುಪಾದಪ್ಪನ ಶೆಡ್ಡಿನ್ಯಾಗ ಆಳ ಬೇಕಾಗ್ಯಾನಂತ. ಮಗ್ಗಕ್ಕ ನಿಲ್ಲತೇನಿ. ಕೈ ಮರತಿಲ್ಲ ಇನ್ನ.”

ನಾನು ರೊಟ್ಟಿ ಮುರಿದವಳು ಬಾಯಿಗೆ ಇಡಲಿಲ್ಲ. ಮಗ್ಗಕ್ಕೆ ನಿಲ್ಲುತ್ತೇನೆ ಎಂದು ಅಣ್ಣ ಅಂದದ್ದು ಇಪ್ಪತ್ತು ವರ್ಷಗಳಲ್ಲಿ ಅದೇ ಮೊದಲು.

ಕಾರಣ ಹೇಳುತ್ತೇನೆ. ಇಲ್ಲಿಯವರೆಗೆ ಬಾವಿ, ನಾಯಿ, ವಿಭೂತಿ ಎಂದು ಸುತ್ತುತ್ತಿದ್ದುದು ಇದೊಂದರ ಸುತ್ತಲೇ.

ನಾನಾಗ ಬಿ.ಎ. ಕೊನೆಯ ವರ್ಷದಲ್ಲಿದ್ದೆ. ನಮ್ಮ ಮನೆಯ ಹಿಂದೆ ಅಪ್ಪನ ಶೆಡ್ಡು, ಅದರೊಳಗೆ ನಾಲ್ಕು ಮಗ್ಗ. ಕರೆಂಟು ದಿನಕ್ಕೆ ಹಲವು ಸಲ ಹೋಗುತ್ತಿತ್ತು. ಹೋದಾಗ ನೇಕಾರರು ಕೈಕಟ್ಟಿ ಕೂರುತ್ತಿರಲಿಲ್ಲ. ಮಗ್ಗ ನಿಂತಿರುವಾಗಲೇ ಹರಿದ ಎಳೆ ಕಟ್ಟಿಕೊಳ್ಳುವುದು ರೂಢಿ. ಓಡುವ ಮಗ್ಗವನ್ನು ಅದಕ್ಕೆಂದು ನಿಲ್ಲಿಸಿದರೆ ಅಷ್ಟು ಸೀರೆ ಹಿಂದೆ ಬೀಳುತ್ತದೆ, ಕರೆಂಟೇ ನಿಲ್ಲಿಸಿದಾಗ ಪುಕ್ಕಟೆ. ಕರೆಂಟು ಮರಳಿದ ಕೂಡಲೇ ಓಡಲಿ ಎಂದು ಸ್ವಿಚ್ಚಿನ ಗುಂಡಿಯನ್ನೂ ಯಾರೂ ಬಂದ್ ಮಾಡುತ್ತಿರಲಿಲ್ಲ.

ಆ ಮಧ್ಯಾಹ್ನ ಅವ್ವ ಚಹಾ ಕೊಟ್ಟು ಕಳಿಸಿದ್ದಳು. ನಾನು ಶೆಡ್ಡಿನ ಹೊಸ್ತಿಲಲ್ಲಿ ಕಾಲಿಟ್ಟಾಗ ಕರೆಂಟು ಹೋಯಿತು. ಓಣಿಯ ಮಗ್ಗಗಳೆಲ್ಲ ಒಟ್ಟಿಗೆ ನಿಂತವು. ನೀವು ಆ ಮೌನವನ್ನು ಕೇಳಿಲ್ಲ. ಜಾತ್ರೆ ಕದಲಿ ಹೋದ ಮೇಲಿನ ಬಯಲಿನಂತೆ ಅದು. ಯಾವುದೋ ಮನೆಯ ಗುಬ್ಬಿಯ ದನಿ ಕೇಳಿತು. ಕೊಡದಿಂದ ನೀರು ತೊಟ್ಟಿಕ್ಕುವುದು ಕೇಳಿತು. ಬಿಸಿಲು ಹಂಚಿನ ಸಂದಿಯಿಂದ ಕೋಲುಕೋಲಾಗಿ ಇಳಿದು, ಅದರಲ್ಲಿ ಹತ್ತಿಯ ಧೂಳು ನಿಧಾನಕ್ಕೆ ತೇಲುತ್ತಿತ್ತು. ದೂರದ ಮಗ್ಗದ ಬಳಿ ಅಣ್ಣ ಬಗ್ಗಿ, ಹಣಿಗೆಯ ಹಿಂದೆ ಕೈಯಿಟ್ಟು ಎಳೆ ಹುಡುಕುತ್ತಿದ್ದ. ನನ್ನ ಕೈಯ ಲೋಟದಿಂದ ಹಬೆ ಏಳುತ್ತಿತ್ತು. ಇಂಥ ಮೌನದಲ್ಲಿ ಮೆಲ್ಲಗೆ ಮಾತಾಡಬಹುದಲ್ಲ ಎಂದು ನನಗೆ ಹಿತವಾಗಿತ್ತು. ಒಂದು ಮಾತು ಬಾಯಿಯವರೆಗೆ ಬಂದಿತ್ತು.

ಅಷ್ಟರಲ್ಲಿ ಕರೆಂಟು ಬಂತು.

ಆ ಮಗ್ಗವನ್ನು ಅಣ್ಣ ನಿಲ್ಲಿಸಿರಲಿಲ್ಲ, ಅದು ಕರೆಂಟಿಲ್ಲದೆ ನಿಂತಿತ್ತು. ಬಂದ ಕೂಡಲೇ ಓಡಿತು. ಅಣ್ಣನ ಅಂಗಿಯ ತೋಳು ಒಳಗೆ ಹೋಗುವುದನ್ನು ನಾನು ನೋಡಿದೆ. ತೋಳಿನ ಹಿಂದೆ ಕೈ, ಕೈಯ ಹಿಂದೆ ಭುಜ, ಭುಜದ ಹಿಂದೆ ಅವನ ಮುಖ ಬಾಗಿ ಬಾಗಿ ಹತ್ತಿರ ಹೋಗುತ್ತಿತ್ತು. ಅವನು ಕೂಗಿದನೋ ಇಲ್ಲವೋ ಗೊತ್ತಿಲ್ಲ, ಮಗ್ಗಗಳ ಸದ್ದಿನಲ್ಲಿ ಕೂಗು ಕೇಳುವುದಿಲ್ಲ. ಗುಂಡಿಗಳ ಹಲಗೆ ಆಚೆ ಗೋಡೆಯ ಮೇಲಿತ್ತು. ನನ್ನ ಕೈ ಅದರತ್ತ ಚಾಚಿತ್ತು. ಆದರೆ ಶೆಡ್ಡಿನ ಈ ತುದಿಯಿಂದ ಆ ತುದಿಗೆ ಯಾರ ಕೈ ಎಟುಕೀತು? ಎಲ್ಲಿಂದಲೋ ಅಪ್ಪ ಬಂದ, ಹಲಗೆಗೆ ಮುಷ್ಟಿಯಿಂದ ಗುದ್ದಿದ. ಮಗ್ಗ ನಿಂತಿತು. ಅಣ್ಣನ ಕೆನ್ನೆಗೂ ಮಗ್ಗಕ್ಕೂ ನಡುವೆ ಆಗ ಉಳಿದಿದ್ದ ಜಾಗದಲ್ಲಿ ನನ್ನ ಅಂಗೈ ಕೂಡ ಹಿಡಿಸುತ್ತಿರಲಿಲ್ಲ.

ಬೆರಳೆರಡು ಹೋದವು, ಅಣ್ಣ ಉಳಿದ. ಆಮೇಲೆ ಅಪ್ಪ ಮನೆಗೊಂದು ಕಾನೂನು ಮಾಡಿದ. ಓಣಿಯ ಸದ್ದು ನಿಂತಿತೆಂದರೆ ಯಾರು ಎಲ್ಲಿದ್ದರೂ, ಏನು ಮಾಡುತ್ತಿದ್ದರೂ, ಹತ್ತಿರದ ಗುಂಡಿ ಬಂದ್ ಮಾಡಬೇಕು. ಸದ್ದು ಮತ್ತೆ ಶುರುವಾಗಿ ನೆಲೆ ನಿಂತ ಮೇಲೆಯೇ ಹಚ್ಚಬೇಕು. ಈಗ ಅಪ್ಪನೂ ಇಲ್ಲ, ಅವ್ವನೂ ಇಲ್ಲ. ಮಗ್ಗಗಳನ್ನು ಕೊಟ್ಟು ಬಹಳ ವರ್ಷವಾಯಿತು. ಆ ಶೆಡ್ಡೇ ಈಗ ಅಣ್ಣನ ಕಂಪ್ಯೂಟರ್ ಕೋಣೆ.

ನಾನು ಮಾತ್ರ ಆ ಹೊಸ್ತಿಲು ಬಿಟ್ಟು ಬಂದಿಲ್ಲ. ಪುಸ್ತಕಗಳಿಗೆ ನಂಬರು ಹಚ್ಚುತ್ತಿರುವಾಗ, ಬಸ್ಸಿನ ಕಿಟಕಿಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳನ್ನು ನೋಡುತ್ತಿರುವಾಗ, ಸುಮ್ಮಸುಮ್ಮನೆ ಆ ತೋಳು ಒಳಗೆ ಹೋಗುತ್ತದೆ. ಪ್ರತಿಸಲವೂ ಅಪ್ಪ ಬರುವುದು ತುಸು ತಡವಾಗುತ್ತಿದೆಯೇನೋ ಅನ್ನಿಸುತ್ತದೆ. ಕನಸಿನಲ್ಲಂತೂ ಕೈ ಚಾಚುತ್ತೇನೆ, ಗೋಡೆ ಹಿಂದೆ ಸರಿಯುತ್ತದೆ, ಎಚ್ಚರಾಗುತ್ತದೆ.

ಆದ್ದರಿಂದ ಅಣ್ಣ ಮಗ್ಗಕ್ಕೆ ನಿಲ್ಲುತ್ತೇನೆ ಎಂದಾಗ, ನಾನು ರಜೆ ಹಾಕಿದೆ. “ಅಪ್‌ಡೇಟಿನ ಮುಂದ ನಾ ಕುಂದರತೇನಿ. ಎಲ್ಲಿ ನಿಂದರತೈತಿ, ಏನ ಬರತೈತಿ, ಎಲ್ಲಾ ನೋಡಿ ಸದಾಶಿವಗ ಹೇಳತೇನಿ” ಎಂದೆ. ಮೊದಲ ದಿನಗಳಲ್ಲಿಯೂ ಕೂತವಳು ನಾನೇ, ರಜೆಯ ದಿನಗಳಾಗಿದ್ದವು. ಅಣ್ಣನಿಗೆ ಆ ಚುಕ್ಕೆಗಳನ್ನು ನೋಡಿದರೆ ಎದೆ ಬಡಿಯುತ್ತದಂತೆ. “ಕಲತಾಕಿ ನೀನು, ನೀನ ನೋಡವಾ” ಎಂದು ಹೊರಗೆ ಕಟ್ಟೆಯ ಮೇಲೆ ಹೋಗಿ ಕೂರುತ್ತಿದ್ದ.

ಆ ಮಧ್ಯಾಹ್ನಗಳನ್ನು ಏನೆಂದು ಹೇಳಲಿ? ಹೊರಗೆ ಬಿಸಿಲು. ಓಣಿಯ ತುಂಬ ಮಗ್ಗದ ಜೋಗುಳ. ಅಪ್ಪನ ಹಳೆಯ ಆರಾಮಕುರ್ಚಿ, ಅದರ ಕೈಯ ಪಕ್ಕಕ್ಕೇ ಗೋಡೆ. ಎದುರಿಗೆ ತಿರುಗುವ ಚುಕ್ಕೆಗಳು ಮೊದಲು ಬೇರೆ ಬೇರೆಯಾಗಿ, ಆಮೇಲೆ ಒಂದರೊಳಗೊಂದು ಕರಗಿ, ಆಯಿಯ ರಾಟಿಯಾಗಿ. ಶೇಕಡಾ ಇಪ್ಪತ್ತು ಎನ್ನುವಷ್ಟರಲ್ಲಿ ನಾನು ಆಯಿಯ ತೊಡೆಯ ಮೇಲಿರುತ್ತಿದ್ದೆ. ಅವಳ ಸೀರೆಗೆ ಗಂಜಿಯ ವಾಸನೆ.

ಅಲ್ಲಿ ನನಗೆ ಒಂದು ಒಳ್ಳೆಯ ಕನಸು ಬೀಳುತ್ತಿತ್ತು. ಅದೇ ಶೆಡ್ಡು, ಅದೇ ಬಿಸಿಲುಕೋಲು, ಕೈಯಲ್ಲಿ ಅದೇ ಲೋಟ. ಮಗ್ಗಗಳು ನಿಲ್ಲುತ್ತವೆ. ಗುಬ್ಬಿ ಕೇಳುತ್ತದೆ. ನಾನು ಕೈ ಚಾಚುತ್ತೇನೆ, ಈ ಸಲ ಗೋಡೆ ಹಿಂದೆ ಸರಿಯುವುದಿಲ್ಲ. ಗುಂಡಿ ನನ್ನ ಬೆರಳಿಗೇ ಸಿಗುತ್ತದೆ, ಟಪ್ಪೆನ್ನುತ್ತದೆ. ಕರೆಂಟು ಬಂದರೂ ಅಣ್ಣನ ಮಗ್ಗ ಅಲುಗುವುದಿಲ್ಲ. ಅವನು ಎಳೆ ಕಟ್ಟಿ, ಬೆನ್ನು ನೆಟ್ಟಗೆ ಮಾಡಿ, ಹತ್ತೂ ಬೆರಳಿನಿಂದ ಮೈ ಮುರಿಯುತ್ತಾನೆ. ಇಷ್ಟು ವರ್ಷಗಳಲ್ಲಿ ಎಂದೂ ಬೀಳದ ಕನಸು ದಿನಾ ಬೀಳುತ್ತಿದೆಯಲ್ಲ ಎಂದು ಒಳಗೊಳಗೇ ಖುಷಿಪಡುತ್ತ ಕಣ್ಣು ಬಿಟ್ಟರೆ, ಓಣಿಯ ಮಗ್ಗಗಳು ಓಡುತ್ತಿರುತ್ತಿದ್ದವು. ಪರದೆಯ ಮೇಲೆ, ಮಾಡಿದ್ದನ್ನೆಲ್ಲ ವಾಪಸು ತೆಗೆಯುತ್ತಿದ್ದೇನೆ ಎಂದು ಬರೆದಿರುತ್ತಿತ್ತು.

“ಕಣ್ಣ ಮುಚ್ಚಿದ್ದೇನ?” ಎಂದು ಅಣ್ಣ ಕೇಳುತ್ತಿದ್ದ.

“ಇಲ್ಲಪಾ. ರೆಪ್ಪಿ ಬಡದಿಲ್ಲ. ತಾನ ನಿಂತು ತಾನ ಚಾಲೂ ಆತು” ಎನ್ನುತ್ತಿದ್ದೆ. ಸುಳ್ಳೆಂದು ಅನ್ನಿಸುತ್ತಿರಲಿಲ್ಲ. ಕಾವಲಿನವರು ಮಲಗಿದ್ದೆ ಎಂದು ಒಪ್ಪಿಕೊಂಡದ್ದು ಎಲ್ಲಿಯಾದರೂ ಉಂಟೇ?

ಈಗ ಬೀಳಗಿಯ ದೊಡ್ಡವ್ವ ನೆನಪಾಗುತ್ತಾಳೆ. ಆಲಮಟ್ಟಿಯ ಹಿನ್ನೀರು ಏರಿದಾಗ ಅವಳ ಹಳ್ಳಿ ನೀರಿನ ಕೆಳಗೆ ಹೋಗಿ, ಮೇಲೆ ದಿನ್ನೆಯಲ್ಲಿ ಹೊಸ ಮನೆ ಕಟ್ಟಿಕೊಂಡರು. ಹಳೆಯ ಮನೆಯ ಬಾಗಿಲನ್ನೇ ತಂದು ಹೊಸ ಮನೆಗೆ ಕೂಡಿಸಿದ್ದರು. ದೊಡ್ಡವ್ವ ಒಳಗೆ ಬಂದವಳೇ ಹೆಗಲ ಮೇಲಿನ ಚೀಲವನ್ನು ಬಾಗಿಲ ಬಲಕ್ಕೆ ನೇತುಹಾಕುತ್ತಿದ್ದಳು. ಅದು ಧೊಪ್ಪನೆ ನೆಲಕ್ಕೆ ಬೀಳುತ್ತಿತ್ತು. ಗೂಟವಿದ್ದದ್ದು ಹಳೆಯ ಮನೆಯ ಗೋಡೆಯಲ್ಲಿ. “ನನಗ ಗೊತ್ತೈತೆವಾ, ಅದು ನೀರಾಗ ಹೋಗೇತಿ. ಕೈಗೆ ಯಾರ ಹೇಳಬೇಕು?” ಎನ್ನುತ್ತಿದ್ದಳು. ನಾವೆಲ್ಲ ನಗುತ್ತಿದ್ದೆವು. ಕೊನೆಗೆ ಅವಳ ಮಗ ಆ ಜಾಗದಲ್ಲೇ ಒಂದು ಗೂಟ ಬಡಿದ. ನಾನೂ ನಗುತ್ತಿದ್ದೆ ಎನ್ನುವುದನ್ನು ದಯವಿಟ್ಟು ಗಮನದಲ್ಲಿಡಿ.

ಶುಕ್ರವಾರ ವೈನಿ ಅಕ್ಕಿ ಆರಿಸಲು ಮೊರ ಹಿಡಿದು ಬಂದು ಶೆಡ್ಡಿನ ಹೊಸ್ತಿಲಲ್ಲೇ ಕೂತಳು. ಹೊರಗೆ ಸೆಕೆ, ಒಳಗೆ ಫ್ಯಾನಿತ್ತು. ಎಷ್ಟೋ ಹೊತ್ತಿನ ಮೇಲೆ ಅವಳ ಮಾತು ಕೇಳಿಸಿತು. ಮಗ್ಗದ ಸದ್ದಿರಲಿಲ್ಲವಾದ್ದರಿಂದ ಬಹಳ ಹತ್ತಿರ ಕೇಳಿಸಿತು.

“ಕಸ್ತೂರಿ. ಎಚ್ಚರ ಅದೀಯೇನ?”

“ಅದೇನಿ” ಎಂದೆ, ಕಣ್ಣು ಮುಚ್ಚಿಕೊಂಡೇ.

“ಮತ್ತ ಬಟನ್ ಯಾಕ ಬಂದ್ ಮಾಡಿದಿ?”

“ಯಾವ ಬಟನ್?”

“ಕೈ ಎಲ್ಲೈತಿ ನೋಡ್ಕೊ.”

ಕಣ್ಣು ಬಿಟ್ಟೆ. ನನ್ನ ಬಲಗೈ ಕುರ್ಚಿಯ ಪಕ್ಕದ ಗೋಡೆಯ ಮೇಲಿತ್ತು. ತೋರುಬೆರಳು ಕಂಪ್ಯೂಟರಿನ ಗುಂಡಿಯ ಮೇಲೆ, ಗುಂಡಿ ಬಂದ್. ಪರದೆ ಕಪ್ಪಾಗಿ, ಅದರಲ್ಲಿ ಬಾಯಿ ತೆರೆದ ಒಬ್ಬ ಗ್ರಂಥಪಾಲಕಿ ಕಾಣುತ್ತಿದ್ದಳು. ಓಣಿ ನಿಶ್ಶಬ್ದವಾಗಿತ್ತು. ಇನ್ವರ್ಟರಿನ ಫ್ಯಾನು ಮಾತ್ರ ತಿರುಗುತ್ತಿತ್ತು.

ನಾನು ಅಲುಗಲಿಲ್ಲ. ವೈನಿಯೂ ಅಲುಗಲಿಲ್ಲ. ಸ್ವಲ್ಪ ಹೊತ್ತಿಗೆ ಎದುರು ಮನೆಯ ಮಗ್ಗ ಶುರುವಾಯಿತು, ಅದರ ಹಿಂದೆ ಓಣಿಯೆಲ್ಲ. ನನ್ನ ಕಣ್ಣೆದುರಿಗೇ ಆ ಬೆರಳು ತಾನಾಗಿಯೇ ಗುಂಡಿಯನ್ನು ಹಚ್ಚಿತು. ಕರೆಂಟು ಸಿಕ್ಕ ಕೂಡಲೇ ತಾನಾಗಿ ಏಳುವಂತೆ ಕೊಂಡಾಗಲೇ ಸದಾಶಿವ ಹೊಂದಿಸಿಟ್ಟಿದ್ದ ಕಂಪ್ಯೂಟರ್ ಎದ್ದು ಕೂತು, ಅಪ್‌ಡೇಟ್ ಪೂರ್ತಿಯಾಗಲಿಲ್ಲ ಎಂದಿತು.

ವೈನಿ ಮೊರ ಕೆಳಗಿಟ್ಟು ನಗತೊಡಗಿದಳು. ನಗುತ್ತ ನಗುತ್ತ ಅಣ್ಣನನ್ನು ಕರೆದಳು. “ಬರ್ರಿ ಇಲ್ಲೆ. ನಿಮ್ಮ ರೋಗ ಸಿಕ್ಕೈತಿ. ಕುರ್ಚಿ ಮ್ಯಾಲ ಕುಂತೈತಿ.” ಸಂಗತಿ ಕೇಳಿ ಅಣ್ಣ ನಗಲಿಲ್ಲ. ನನ್ನನ್ನು ನೋಡಿದ, ಗುಂಡಿಯನ್ನು ನೋಡಿದ, ತಾನು ಒಮ್ಮೆ ಬಗ್ಗಿ ನಿಂತಿದ್ದ, ಈಗ ಮೇಜು ಇರುವ ಆ ಮೂಲೆಯನ್ನು ನೋಡಿದ.

“ನಾ ನಾಳೆ ಇಲ್ಲಿ ಕುಂದರೂದಿಲ್ಲ” ಎಂದೆ. ಅಣ್ಣನನ್ನು ಮಗ್ಗಕ್ಕೆ ಕಳಿಸುತ್ತಿದ್ದವಳು ನಾನೇ ಎಂದು ತಿಳಿದು ಕುರ್ಚಿಯಿಂದ ಎದ್ದಿದ್ದೆ. “ಜಮಖಂಡಿಗೆ ಹೋಗಿಬಿಡತೇನಿ. ಸಂಜಿಕ ಬರತೇನಿ.”

“ಎಲ್ಲೂ ಹೋಗೂದ್ ಬ್ಯಾಡ. ನೀ ಇಲ್ಲೇ ಕುಂದರಬೇಕು” ಎಂದ ಅಣ್ಣ. “ನಾನೂ ಕುಂದರತೇನಿ.”

“ಕೈ ಕಟ್ಟಿ ಹಾಕಬೇಕಾಗತೈತಿ ಆಕೀದು” ಎಂದಳು ವೈನಿ.

“ಹಾಕೂನು ತಗೋ.”

ಶನಿವಾರ ಅಪ್‌ಡೇಟ್ ಆಯಿತು. ಸಂಜೆಗೆ ಪರದೆ ಹೊಸ ಬಣ್ಣದಲ್ಲಿ ತೆರೆದುಕೊಂಡಿತು. ಸದಾಶಿವ ಫೋನಿನಲ್ಲಿ, “ಏನ್ ಮಾಡಿದ್ರಿ ಅಕ್ಕಾರ? ನಮಗೂ ಹೇಳ್ರಿ” ಎಂದಾಗ, “ಏನೂ ಮಾಡಲಿಲ್ಲಪಾ, ಅದ ಔಷಧ” ಎಂದೆ. ಅಣ್ಣ ಗುರುಪಾದಪ್ಪನ ಶೆಡ್ಡಿಗೆ ಹೋಗಲಿಲ್ಲ. ಈಗಲೂ ಅದೇ ಮೇಜಿನ ಮುಂದೆ ಕೂತು ನವಿಲುಗಳನ್ನು ಕೂಡಿಸುತ್ತಾನೆ. ವೈನಿ ನನ್ನ ಕಥೆಯನ್ನು ಓಣಿಗೆಲ್ಲ ಹಂಚಿದ್ದಾಳೆ, ಈಗ ಕರೆಂಟು ಹೋದರೆ ಜನ ನಮ್ಮ ಕಿಟಕಿಯತ್ತ ನೋಡಿ, “ಕಸ್ತೂರವ್ವಾ, ಕೈ ಎಲ್ಲೈತಿ?” ಎಂದು ಕೂಗುತ್ತಾರೆ. ಅಪ್‌ಡೇಟಿನ ಮಟ್ಟಿಗೆ ಕಥೆ ಅಷ್ಟೇ. ಆದರೆ ನಾನು ಹೇಳಬೇಕೆಂದಿದ್ದುದು ಆ ಶನಿವಾರ ಮಧ್ಯಾಹ್ನದ ಒಂದು ಗಳಿಗೆಯ ಮಾತು.

ಆರಾಮಕುರ್ಚಿಯಲ್ಲಿ ನಾನು, ಪಕ್ಕದಲ್ಲಿ ಸ್ಟೂಲಿನ ಮೇಲೆ ಅಣ್ಣ. ವೈನಿ ಚಹಾ ತಂದು ಇಬ್ಬರ ನಡುವೆ ಇಟ್ಟು ಹೋದಳು. ಚುಕ್ಕೆಗಳು ತಿರುಗುತ್ತಿದ್ದವು. ಈ ಸಲ ನಿದ್ದೆ ಬರಲಿಲ್ಲ. ಅರ್ಧ ದಾಟಿತು. ಮುಕ್ಕಾಲು ದಾಟಿತು. ಆಗ ಓಣಿಯ ಮಗ್ಗಗಳೆಲ್ಲ ನಿಂತವು.

ನನ್ನ ಕೈ ಎದ್ದಿತು. ನಾನು ಎಚ್ಚರವಾಗಿದ್ದೆ, ಬೇಡ ಎನ್ನುತ್ತಿದ್ದೆ, ಆದರೂ ಎದ್ದಿತು. ಅಣ್ಣ ತನ್ನ ಬಲಗೈಯನ್ನು ಅದರ ಮೇಲಿಟ್ಟ. ಬಿಗಿಯಾಗಿ ಹಿಡಿಯಲಿಲ್ಲ, ಇಟ್ಟ, ಅಷ್ಟೇ. ಮೂರು ಕಡೆ ಅವನ ಬೆರಳುಗಳು ನನ್ನ ಬೆರಳುಗಳ ಮೇಲೆ ಕೂತವು, ಉಳಿದ ಕಡೆ ನುಣುಪಾದ ಗಾಯದ ಚರ್ಮ ತಾಗಿತು. ಇಷ್ಟು ವರ್ಷ ಆ ಕೈಯನ್ನು ನೋಡಿದ್ದೆನೇ ಹೊರತು ಮುಟ್ಟಿರಲಿಲ್ಲ ಎಂದು ಆಗ ತಿಳಿಯಿತು. ಅದು ಬೆಚ್ಚಗಿತ್ತು.

ಗುಬ್ಬಿ ಕೇಳಿತು. ಅಡಿಗೆಮನೆಯಲ್ಲಿ ನಳದಿಂದ ಹನಿ ಬೀಳುವುದು ಕೇಳಿತು. ಹಂಚಿನ ಸಂದಿಯ ಬಿಸಿಲಿನಲ್ಲಿ ಈಗ ಹತ್ತಿಯ ಧೂಳಿಲ್ಲ, ಚಹಾದ ಹಬೆ ಮಾತ್ರ ಏಳುತ್ತಿತ್ತು. ನಾನು ಆ ಹೊಸ್ತಿಲಲ್ಲಿ ನಿಂತಿದ್ದೆ. ಈಗ ತೋಳು ಒಳಗೆ ಹೋಗುತ್ತದೆ, ಈಗ ಹೋಗುತ್ತದೆ ಎಂದು ಕಾದೆ. ಹೋಗಲಿಲ್ಲ. ಪರದೆಯ ಮೇಲೆ ಒಂದಂಕಿ ಮುಂದೆ ಸರಿಯಿತು. ಅಂದು ಬಾಯಿಯವರೆಗೆ ಬಂದು ನಿಂತಿದ್ದ ಮಾತು, ಇಷ್ಟು ವರ್ಷ ಅಲ್ಲಿಯೇ ಇದ್ದದ್ದು, ಮೆಲ್ಲಗೆ ಹೊರಬಂತು.

“ಅಣ್ಣಾ, ಚಾ ಆರತೈತಿ.”

ಅವನು ನನ್ನ ಕೈಯ ಮೇಲಿನ ಕೈ ತೆಗೆಯದೆ, ಎಡಗೈಯಿಂದ ಲೋಟ ಎತ್ತಿಕೊಂಡ. ಅವನು ಎರಡನೆಯ ಗುಟುಕು ಕುಡಿಯುತ್ತಿದ್ದಾಗ ಮಗ್ಗಗಳೆಲ್ಲ ಶುರುವಾದವು.